ನಿರಾಶ್ರಿತರನ್ನು ಕೇಳದೆ ಮಾಡುವ ಒಪ್ಪಂದ ಸಾಲದು

ಸಂತೆಕಟ್ಟೆ, ಕಲ್ಯಾಣಪುರದ ಕೊಂಕಣಿ ಮನೆಗಳಲ್ಲಿ ಹಿರಿಯರ ಮೂಲ ಕೇಳಿದರೆ ಮಾತು ಗೋವೆಗೆ ಹೋಗಿ ನಿಲ್ಲುತ್ತದೆ. ವೆಂಕಟರಮಣನಿಗೆ ನಡೆದುಕೊಳ್ಳುವ ಗೌಡ ಸಾರಸ್ವತರು, ಮಿಲಾಗ್ರಿಸ್ ಇಗರ್ಜಿಗೆ ಹೋಗುವ ಕ್ರೈಸ್ತರು, ಹೋಳಿಯ ಹೊತ್ತಿಗೆ ಗುಮಟೆ ಬಾರಿಸುತ್ತ ಮನೆಮನೆಗೆ ಬರುವ ಕುಡುಬಿಯರು, ಎಲ್ಲರೂ ಪೋರ್ಚುಗೀಸರ ಕಾಲದ ಗೋವೆಯಿಂದ ಬೇರೆ ಬೇರೆ ಹೊತ್ತಿನಲ್ಲಿ ತೆಂಕಣಕ್ಕೆ ಬಂದವರ ಸಂತತಿ. ಒಬ್ಬರನ್ನು ಓಡಿಸಿದ್ದು 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಇನ್ನೊಬ್ಬರನ್ನು ಯುದ್ಧ, ಮತ್ತೊಬ್ಬರನ್ನು ಹಸಿವು ಮತ್ತು ತೆರಿಗೆ. ಕೆಳದಿಯ ಅರಸರು ಅವರಿಗೆ ಗದ್ದೆ ಕೊಟ್ಟು ಉಳಿಸಿಕೊಂಡರು. 1678ರಲ್ಲಿ ಕೆಳದಿಯವರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕ ಊರುಗಳಲ್ಲಿ ಕಲ್ಯಾಣಪುರವೂ ಒಂದು. ಓಡಿ ಬಂದವರ ದೇವರಿಗೂ ಜಾಗ ಇರಲಿ ಎಂದು ಎರಡು ರಾಜ್ಯಗಳು ಕಾಗದದ ಮೇಲೆ ಬರೆದುಕೊಂಡ ಕಾಲ ಅದು.

ಮೂರು ಶತಮಾನ ಕಳೆದ ಮೇಲೆ ಇದೇ ಕರಾವಳಿಯ ಮಕ್ಕಳು ಬೇರೊಂದು ಗಡಿಯಲ್ಲಿ ನಿಂತರು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ಭಾರತೀಯರಲ್ಲಿ ಉಡುಪಿ, ಮಂಗಳೂರು ಕಡೆಯವರು ಬಹಳ ಮಂದಿ. ಬ್ಯಾಂಕಿನಲ್ಲಿದ್ದ ಹಣ, ಅಂಗಡಿ, ಮನೆಸಾಮಾನು ಎಲ್ಲ ಬಿಟ್ಟು ಇರಾಕಿನ ರಸ್ತೆಗಳಲ್ಲಿ ಬಸ್ಸು ಹಿಡಿದು ಜೋರ್ಡಾನಿನ ಗಡಿಯ ಮರುಭೂಮಿಗೆ ಬಂದಿಳಿದರು. ಜೋರ್ಡಾನ್ ಆಗಲೂ ಈಗಲೂ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ಆದರೂ ಗಡಿ ತೆರೆಯಿತು. ಡೇರೆ, ನೀರು, ರೊಟ್ಟಿಯ ಏರ್ಪಾಟು ನಡೆಯಿತು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಊರಿಗೆ ತಂದವು. ವಿಮಾನದ ಸಾಹಸ ಸಿನಿಮಾ ಆಗಿದೆ. ಆದರೆ ಗಡಿಯ ಗೇಟು ತೆರೆಯದೇ ಹೋಗಿದ್ದರೆ ವಿಮಾನ ಯಾರನ್ನು ಹತ್ತಿಸಿಕೊಳ್ಳಬೇಕಿತ್ತು? 2023ರಲ್ಲಿ ಸುಡಾನಿನಲ್ಲಿ ಸಿಕ್ಕಿಬಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳೂ ಮನೆಗೆ ಮರಳಿದ್ದು ಇಂಥದೇ ದಾರಿಯಲ್ಲಿ. ‘ಆಪರೇಷನ್ ಕಾವೇರಿ’ಯ ಜನ ಪೋರ್ಟ್ ಸುಡಾನಿನಿಂದ ಸೌದಿಯ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಬಂದರು. ನೆರೆಯ ದೇಶದ ಒಪ್ಪಿಗೆ ಇಲ್ಲದೆ ಅದು ಆಗುವ ಕೆಲಸವಾಗಿರಲಿಲ್ಲ.

ಹೀಗಿರುವಾಗ ದಕ್ಷಿಣ ಏಷ್ಯಾದ ದೇಶಗಳು ತಮ್ಮೊಳಗೆ ಏನು ಮಾಡಿಕೊಂಡಿವೆ?

ಕರಾವಳಿಯವರಿಗೆ ಅತಿ ಹತ್ತಿರದ ಉತ್ತರ ಸುಳ್ಯದಲ್ಲಿದೆ. ಬ್ರಿಟಿಷರು ಸಿಲೋನಿನ ಚಹಾ ತೋಟಗಳಿಗೆ ಒಯ್ದ ತಮಿಳು ಕೂಲಿಗಳ ಮಕ್ಕಳು ಮೊಮ್ಮಕ್ಕಳು 1948ರ ಸಿಲೋನ್ ಪೌರತ್ವ ಕಾಯ್ದೆಯಿಂದ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 9.75 ಲಕ್ಷ ಜನರಲ್ಲಿ 5.25 ಲಕ್ಷ ಭಾರತಕ್ಕೆ, 3 ಲಕ್ಷ ಸಿಲೋನಿಗೆ. ಮಿಕ್ಕ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಸಮಪಾಲು ಮಾಡಿದರು. ಎರಡು ಸರ್ಕಾರಗಳು ಕೂತು ಬಗೆಹರಿಸಿದ್ದು ದೊಡ್ಡ ಮಾತೇ. ಆದರೆ ಗದ್ದೆ ಪಾಲು ಮಾಡುವಂತೆ ಜನರನ್ನು ಪಾಲು ಮಾಡಿದರು. ತೋಟದವರ ಮಾತಿಗೆ ಆ ಮೇಜಿನಲ್ಲಿ ಜಾಗ ಇರಲಿಲ್ಲ.

ಬಂದವರಲ್ಲಿ ಒಂದಷ್ಟು ಕುಟುಂಬಗಳಿಗಾಗಿ ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ಸರ್ಕಾರ ರಬ್ಬರ್ ನೆಟ್ಟಿತು. ಈಗ ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು. ಚಹಾ ಚಿಗುರು ಕಿತ್ತ ಕೈಗಳು ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿತವು. ಬಿಸಿಲೇರುವ ಮುಂಚೆ ಮರದ ತೊಗಟೆಯನ್ನು ಓರೆಯಾಗಿ ತೆಳ್ಳಗೆ ಕೆತ್ತಬೇಕು, ಆಳ ಹೆಚ್ಚಾದರೆ ಮರ ಕೆಡುತ್ತದೆ, ಕಡಿಮೆಯಾದರೆ ಹಾಲು ಇಳಿಯುವುದಿಲ್ಲ. ಇವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು, ತುಳು ಕಲಿತರು. ಆದರೂ ನಿವೃತ್ತಿಯಾದವರು ಇರುವುದೆಲ್ಲಿ, ಜಾತಿ ಪ್ರಮಾಣಪತ್ರ ಸಿಗುವುದು ಹೇಗೆ ಎಂಬ ಪ್ರಶ್ನೆಗಳು ಆ ಕಾಲೊನಿಗಳನ್ನು ದಶಕಗಳಿಂದ ಬಿಟ್ಟಿಲ್ಲ. ಒಪ್ಪಂದ ತಲೆ ಎಣಿಸಿತ್ತು. ಬಂದವರ ಮನೆ ಯಾರ ಹೆಸರಿನಲ್ಲಿರಬೇಕು ಎಂಬುದು ಅದರ ಚಿಂತೆಯಾಗಿರಲಿಲ್ಲ.

ಟಿಬೆಟಿಯನ್ನರ ಕತೆ ಇದಕ್ಕಿಂತ ಮೇಲು. 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು, ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದಲ್ಲೂ ನೆಲೆ ಆಯಿತು. ಭೂಮಿ, ಶಾಲೆ, ಸಹಕಾರ ಸಂಘ, ತಮ್ಮದೇ ಮಠ ಒಟ್ಟಿಗೆ ಸಿಕ್ಕಿದ್ದರಿಂದ ಅವರು ಮೆಕ್ಕೆಜೋಳ ಬೆಳೆದು ನೆಲೆಯೂರಿದರು. ಆದರೆ ಅವರ ಹಕ್ಕೂ ಕಾನೂನಿನಲ್ಲಿ ನಿಂತದ್ದಲ್ಲ. 1950 ಮತ್ತು 1987ರ ನಡುವೆ ಇಲ್ಲೇ ಹುಟ್ಟಿದ ಟಿಬೆಟಿಯನ್ನರು ಭಾರತದ ಪ್ರಜೆಗಳೇ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು.

ಭಾರತದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾಯ್ದೆ ಇಲ್ಲ. ಬಂದವರನ್ನು ವಿದೇಶಿಯರ ಕಾನೂನಿನಲ್ಲೇ ನೋಡುತ್ತಾರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶಗಳ ಆರು ಧರ್ಮದವರಿಗಷ್ಟೇ ಬಾಗಿಲು ತೆರೆಯಿತು, ಶ್ರೀಲಂಕಾದ ತಮಿಳರೂ ಟಿಬೆಟಿಯನ್ನರೂ ಅದರೊಳಗೆ ಬರುವುದಿಲ್ಲ. ಲೋಕಸಭೆಯಲ್ಲಿ ಶಶಿ ತರೂರ್ ಮಂಡಿಸಿದ ಆಶ್ರಯ ಮಸೂದೆ ಖಾಸಗಿ ಮಸೂದೆಯಾಗಿಯೇ ಉಳಿಯಿತು. ಸಾರ್ಕ್ ದೇಶಗಳಲ್ಲಿ 1951ರ ಒಡಂಬಡಿಕೆಗೆ ಸೇರಿದ್ದು ಅಫ್ಘಾನಿಸ್ತಾನ ಒಂದೇ. ಭೂತಾನದಿಂದ ಹೊರಬಿದ್ದ ನೇಪಾಳಿ ಭಾಷಿಕರ ವಿಷಯದಲ್ಲಿ ಭೂತಾನ ಮತ್ತು ನೇಪಾಳ ವರ್ಷಗಟ್ಟಲೆ ಮಾತುಕತೆ ನಡೆಸಿ ಏನೂ ಆಗದೆ, 2007ರ ನಂತರ ಲಕ್ಷಕ್ಕೂ ಹೆಚ್ಚು ಮಂದಿ ಅಮೆರಿಕ ಮೊದಲಾದ ದೂರದ ದೇಶಗಳಿಗೆ ಹೋದರು. 2015ರ ಮೇ ತಿಂಗಳಲ್ಲಿ ರೋಹಿಂಗ್ಯಾರ ದೋಣಿಗಳು ಅಂಡಮಾನ್ ಸಮುದ್ರದಲ್ಲಿ ಒಂದು ದೇಶದ ತೀರದಿಂದ ಇನ್ನೊಂದರ ಕಡೆಗೆ ದಬ್ಬಿಸಿಕೊಂಡು ತೇಲಿದವು.

ಮೀನುಗಾರರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಪು, ಮಲ್ಪೆಯ ಬೋಟಿನವರು ಮುಳುಗುವವನ ಜಾತಿ, ದೇಶ ಕೇಳಿ ಹಗ್ಗ ಎಸೆಯುವುದಿಲ್ಲ.

ಭದ್ರತೆಯ ಚಿಂತೆ ಸುಳ್ಳಲ್ಲ. ಬಂದವರು ಯಾರೆಂದು ತಿಳಿಯುವುದು ಸರ್ಕಾರದ ಕರ್ತವ್ಯ. ಅದಕ್ಕೇ ನೋಂದಣಿ ಬೇಕು, ಅರ್ಜಿ ವಿಚಾರಿಸುವ ಅಧಿಕಾರಿ ಬೇಕು, ತಿರಸ್ಕರಿಸಿದರೆ ಮೇಲ್ಮನವಿಗೆ ದಾರಿ ಬೇಕು. ಕಾಯ್ದೆ ಇಲ್ಲದ ಕಡೆ ಜನ ಅಡಗಿಕೊಳ್ಳುತ್ತಾರೆ, ಆಗ ಭದ್ರತೆಯೂ ಇಲ್ಲ, ರಕ್ಷಣೆಯೂ ಇಲ್ಲ.

ಸಾರ್ಕ್ ಶೃಂಗಸಭೆ 2014ರ ಕಾಠ್ಮಂಡುವಿನ ನಂತರ ನಡೆದಿಲ್ಲ. ಆದರೆ ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಶ್ರೀಲಂಕಾ, ನೇಪಾಳ, ಭೂತಾನ, ಥಾಯ್ಲೆಂಡ್ ಒಟ್ಟಿಗಿರುವ ಬಿಮ್‌ಸ್ಟೆಕ್ ಇದೆ. ಜನರನ್ನು ಓಡಿಸಿದ ದೇಶಗಳೂ ಇರಿಸಿಕೊಂಡ ದೇಶಗಳೂ ಅಲ್ಲಿ ಒಂದೇ ಮೇಜಿನಲ್ಲಿವೆ. ಗಡಿಯಿಂದ ಅಪಾಯಕ್ಕೆ ವಾಪಸು ದಬ್ಬಬಾರದು, ಸಮುದ್ರದಲ್ಲಿ ಸಿಕ್ಕವರನ್ನು ದಡ ಸೇರಿಸಬೇಕು, ಖರ್ಚು ಹಂಚಿಕೊಳ್ಳಬೇಕು, ನಿರಾಶ್ರಿತರ ಪ್ರತಿನಿಧಿಗಳನ್ನು ಮಾತಿಗೆ ಕೂರಿಸಬೇಕು ಎಂಬಷ್ಟನ್ನಾದರೂ ಭಾರತ ಅಲ್ಲಿ ಬರವಣಿಗೆಗೆ ತರಲು ಸಾಧ್ಯ. ಕರಾವಳಿಯ ಸಂಸದರು ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಎತ್ತಬೇಕು. ಅಷ್ಟರೊಳಗೆ ರಾಜ್ಯ ಸರ್ಕಾರ ಯಾರ ಅನುಮತಿಗೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ: ಸುಳ್ಯದ ಕಾಲೊನಿಗಳಿಗೆ ಕಂದಾಯ ಅಧಿಕಾರಿಗಳನ್ನೇ ಕಳಿಸಿ, ಬಾಕಿ ಉಳಿದ ಪ್ರಮಾಣಪತ್ರ ಮತ್ತು ಮನೆ ನಿವೇಶನದ ಅರ್ಜಿಗಳನ್ನು ಅಲ್ಲೇ ಕೂತು ಇತ್ಯರ್ಥ ಮಾಡುವುದು.