ಚಲಿಸುವ ಚಿತ್ರ ಮತ್ತು ಲೆಕ್ಕದ ಶಿಸ್ತು

ಕಂಪ್ಯೂಟರು ಕ್ಷಣಕ್ಷಣಕ್ಕೂ ಹೊಸದಾಗಿ ರಚಿಸಿ ತೋರುವ ದೃಶ್ಯಗಳಲ್ಲಿ ಗೋಡೆ, ಗೋಳ, ಗುಮ್ಮಟ ಮೊದಲಾದ ಆಕೃತಿಗಳಿಗೆ ಚಿತ್ರವೊಂದನ್ನು ವಸ್ತ್ರದಂತೆ ಹೊದಿಸುವುದುಂಟು. ಈ ಹೊದಿಕೆಗೆ ಟೆಕ್ಸ್ಚರ್ ಎಂದು ಹೆಸರು. ಅದು ಸ್ಥಿರಚಿತ್ರವಾದರೆ ಒಮ್ಮೆ ಗ್ರಾಫಿಕ್ಸ್ ಕಾರ್ಡಿಗೆ ಸಾಗಿಸಿದರೆ ಸಾಕು. ವಿಡಿಯೋ ಆದರೆ ಪ್ರತಿಯೊಂದು ಫ್ರೇಮೂ ಹೊಸ ಹೊದಿಕೆ. ಆಟಗಳಲ್ಲಿ, ರಂಗಸಜ್ಜಿಕೆಯಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಇದರ ಬಳಕೆ ಹೆಚ್ಚಿದೆ. ಚಿತ್ರ ತಡವರಿಸಿದೊಡನೆ, ಯಂತ್ರಕ್ಕೆ ಶಕ್ತಿ ಸಾಲದು, ಇನ್ನೂ ಬೆಲೆಬಾಳುವುದನ್ನು ತರಿಸಬೇಕು ಎಂಬ ಸಲಹೆ ಕೇಳಿಬರುತ್ತದೆ. ಈ ಸಲಹೆ ಬಹುಮಟ್ಟಿಗೆ ಅವಸರದ್ದು.

ಲೆಕ್ಕವನ್ನೇ ನೋಡಬಹುದು. 1920 ಅಡ್ಡ, 1080 ಉದ್ದದ ಒಂದು ಫ್ರೇಮಿನಲ್ಲಿ 20,73,600 ಪಿಕ್ಸೆಲ್‌ಗಳು. ಪಿಕ್ಸೆಲ್ಲಿಗೆ 4 ಬೈಟಿನಂತೆ ಸುಮಾರು 83 ಲಕ್ಷ ಬೈಟು. ಸೆಕೆಂಡಿಗೆ 60 ಫ್ರೇಮಿಗೆ ಸುಮಾರು 50 ಕೋಟಿ. ಇಷ್ಟು ಸರಕನ್ನು ಮುಖ್ಯ ಸ್ಮೃತಿಯೊಳಗೇ ಎರಡು ಮೂರು ಸಲ ನಕಲು ಮಾಡಿ ಅನಂತರ ಕಾರ್ಡಿಗೆ ಕಳುಹಿಸುವ ಪ್ರೋಗ್ರಾಮುಗಳು ಇಂದಿಗೂ ಇವೆ. ದೋಷ ಯಂತ್ರದ್ದಲ್ಲ, ಹೊರೆ ಹೊರಿಸಿದವರದು.

ಕಣ್ಣು ಬಣ್ಣಕ್ಕಿಂತ ಬೆಳಕಿನ ಭೇದವನ್ನು ಸೂಕ್ಷ್ಮವಾಗಿ ಗ್ರಹಿಸುತ್ತದೆ. ಆದ್ದರಿಂದಲೇ ಸಾಮಾನ್ಯ ವಿಡಿಯೋದಲ್ಲಿ ಬೆಳಕಿನ ಅಂಶ ಪೂರ್ಣವಾಗಿಯೂ ಬಣ್ಣದ ಎರಡು ಅಂಶಗಳು ತಲಾ ಕಾಲುಭಾಗವಾಗಿಯೂ ಇರುತ್ತವೆ. ಫ್ರೇಮಿಗೆ 31 ಲಕ್ಷ ಬೈಟು ಸಾಕು. ಅದನ್ನು ಹಾಗೆಯೇ ಕಾರ್ಡಿಗೊಪ್ಪಿಸಿ, ಕೆಂಪು ಹಸಿರು ನೀಲಿಯಾಗಿಸುವ ಕೆಲಸವನ್ನು ಅಲ್ಲಿನ ಶೇಡರಿಗೆ ಬಿಡುವುದೇ ಸರಿಯಾದ ಕ್ರಮ. ಕಾರ್ಡಿನ ಡಿಕೋಡರಿನಿಂದಲೇ ಫ್ರೇಮನ್ನು ಬಿಡಿಸಿ ಅಲ್ಲಿಯೇ ಉಳಿಸಿಕೊಂಡರಂತೂ ಅಷ್ಟೂ ಸಾಗಾಣಿಕೆ ತಪ್ಪುತ್ತದೆ. ಸಾಗಿಸಲೇಬೇಕಾದಲ್ಲಿ ಎರಡು ಮೂರು ಬಫರ್‌ಗಳನ್ನು ಸರದಿಯಂತೆ ಬಳಸಬೇಕು. ಪಂಕ್ತಿಯಲ್ಲಿ ಒಂದು ಬಕೆಟ್ಟಿನಿಂದ ಬಡಿಸುತ್ತಿರುವಾಗಲೇ ಒಳಗೆ ಇನ್ನೊಂದು ತುಂಬುತ್ತಿರುತ್ತದಲ್ಲವೆ, ಹಾಗೆ.

2013ರ ವೇಳೆಗೆ ಬಳಕೆಗೆ ಬಂದ ಹ್ಯಾಪ್ ಎಂಬ ಕೋಡೆಕ್ ಬೇರೊಂದು ದಾರಿ ಹಿಡಿಯಿತು. ಗ್ರಾಫಿಕ್ಸ್ ಕಾರ್ಡು ನೇರವಾಗಿ ಓದಬಲ್ಲ ಸಂಕುಚಿತ ರೂಪದಲ್ಲಿಯೇ ಅದು ಫ್ರೇಮನ್ನು ಇಡುತ್ತದೆ. 4×4 ಪಿಕ್ಸೆಲ್‌ಗಳ ಒಂದೊಂದು ತುಂಡಿಗೆ 8 ಬೈಟು, ಅಂದರೆ ಮೂಲದ ಎಂಟನೆಯ ಒಂದು ಭಾಗ. ಪ್ರತಿ ಫ್ರೇಮೂ ಸ್ವತಂತ್ರವಾದುದರಿಂದ ಹಿಂದೆ, ಮುಂದೆ, ಎಲ್ಲಿಗೆ ಬೇಕಾದರೂ ತಡವಿಲ್ಲದೆ ನೆಗೆಯಬಹುದು. 2003ರ ಎಚ್.264 ಮಾನಕದಲ್ಲಿ ಬಹುತೇಕ ಫ್ರೇಮುಗಳು ಬೇರೆ ಫ್ರೇಮುಗಳನ್ನು ಅವಲಂಬಿಸಿರುವುದರಿಂದ ಈ ಸೌಲಭ್ಯ ಅಷ್ಟಾಗಿ ದೊರೆಯದು.

ಹ್ಯಾಪ್‌ಗೆ ತೆರಬೇಕಾದ ಬೆಲೆಯೂ ಇಲ್ಲದಿಲ್ಲ. ಸೆಕೆಂಡಿಗೆ 30 ಫ್ರೇಮಿನ ಹತ್ತು ನಿಮಿಷದ ಚಿತ್ರ, ಎರಡನೆಯ ಸುತ್ತಿನ ಸಂಕೋಚನಕ್ಕೆ ಮುನ್ನ, ಸುಮಾರು 18.7 ಗಿಗಾಬೈಟು ಆಗುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ಟಿನ ಎಚ್.264 ಕಡತವಾದರೋ 0.6 ಗಿಗಾಬೈಟಿನಲ್ಲಿ ಮುಗಿಯುತ್ತದೆ. ಒಂದೇ ಚಿತ್ರ ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ ಓಡುವಲ್ಲಿ ಎಚ್.264 ಸಾಕು, ಹ್ಯಾಪ್ ಅಲ್ಲಿ ದುಂದು. ಹಲವು ಚಿತ್ರಗಳು ಒಟ್ಟಿಗೆ ಓಡಬೇಕಾದಲ್ಲಿ, ನಟನ ಸನ್ನೆಗೆ ತಕ್ಕಂತೆ ದೃಶ್ಯ ಬದಲಾಗಬೇಕಾದಲ್ಲಿ ಹ್ಯಾಪ್ ಮೇಲು. ಆದರೆ ಅಂಥ ಸಂದರ್ಭದಲ್ಲಿಯೂ ಹಣ ಮೊದಲು ಸಲ್ಲಬೇಕಾದದ್ದು ವೇಗವಾಗಿ ಓದಬಲ್ಲ ಎಸ್‌ಎಸ್‌ಡಿಗೆ. ಗ್ರಾಫಿಕ್ಸ್ ಕಾರ್ಡು ಅನೇಕ ವೇಳೆ ಇದ್ದದ್ದೇ ಸಾಕಾಗುತ್ತದೆ.