ಸ್ಪೆಲ್ ಇಟ್ ಔಟ್: ತುಸು ಬಿಡಿಸಿ ಹೇಳ್ರಿ

ಮಕ್ಕಳೇ, ಇಂಗ್ಲಿಷಿನಲ್ಲಿ ‘ಸ್ಪೆಲ್’ ಎಂದರೆ ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳುವುದು. ಅದಕ್ಕೆ ‘ಔಟ್’ ಸೇರಿದರೆ ಇನ್ನೊಂದು ಅರ್ಥವೂ ಬರುತ್ತದೆ. ‘ಸ್ಪೆಲ್ ಇಟ್ ಔಟ್’ ಅಂದರೆ ಕೇಳುವವರ ಊಹೆಗೆ ಏನನ್ನೂ ಬಿಡದೆ ಬಿಡಿಸಿ ಹೇಳು ಎಂದು.

ನಮ್ಮ ‘ಬಿಡಿಸು’ ಎಷ್ಟು ದುಡಿಯುವ ಪದ ನೋಡಿ! ಎರಿ ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ. ದಾರದ ಗಂಟು ಬಿಡಿಸುತ್ತಾರೆ. ನೀವು ಶಾಲೆಯಲ್ಲಿ ಲೆಕ್ಕ ಬಿಡಿಸುತ್ತೀರಿ, ಸಂಧಿ ಬಿಡಿಸುತ್ತೀರಿ, ರಾತ್ರಿ ಆಯಿ ಹಾಕಿದ ಒಗಟನ್ನೂ ಬಿಡಿಸುತ್ತೀರಿ. ಇಂಗ್ಲಿಷಿನವರಿಗೆ ಇದಕ್ಕೆಲ್ಲ ಬೇರೆ ಬೇರೆ ಪದ ಬೇಕು.

ಆದರೆ ಅಕ್ಷರ ಹೇಳಿದ ಮಾತ್ರಕ್ಕೆ ಬಿಡಿಸಿ ಹೇಳಿದಂತಾಗದು. ‘ಕಟಕೋಳ’ವನ್ನು ಕೆ, ಎ, ಟಿ, ಎ, ಕೆ, ಓ, ಎಲ್ ಎಂದು ಬರೆದುಕೊಡಿ. ದೂರದವರು ‘ಕತಕೊಲ’ ಎಂದು ಓದಿಯಾರು. ಅದು ಟ ಅಥವಾ ತ, ಳ ಅಥವಾ ಲ ಎಂಬುದನ್ನು ಆ ಅಕ್ಷರಗಳು ತಿಳಿಸುವುದಿಲ್ಲ. ನಮ್ಮಲ್ಲಾದರೆ ‘ಕಕ್ಕೆ ಓತ್ವದ ದೀರ್ಘ ಕೋ’ ಎಂದರೆ ಮುಗಿಯಿತು. ಅಜ್ಜನನ್ನು ಕೇಳಿ, ಪಾಟಿಯ ಮೇಲೆ ಹಾಗೇ ತಿದ್ದಿ ಕಲಿತಿರುತ್ತಾರೆ.

ಈ ಮಾತು ನಿಜಕ್ಕೂ ಬೇಕಾಗುವುದು ಔಷಧದ ಅಂಗಡಿಯಲ್ಲಿ. ಮೊನ್ನೆ ಒಂದು ಅಂಗಡಿಯಲ್ಲಿ ಹುಡುಗ ಒಬ್ಬ ಆಯಿಗೆ ಗುಳಿಗೆ ಕೊಟ್ಟು, ‘ದಿನಾ ಎರಡು’ ಎಂದವನೇ ಮುಂದಿನ ಗಿರಾಕಿಯತ್ತ ತಿರುಗಿದ. ಆಯಿ ತಲೆಯಾಡಿಸಿದರು. ಜೊತೆಗಿದ್ದ ಮೊಮ್ಮಗಳು ಬಿಡಲಿಲ್ಲ.

‘ಅಣ್ಣಾ, ಎರಡೂ ಒಮ್ಮೆಲೇ ನುಂಗೋದೋ? ಊಟಕ್ಕಿಂತ ಮೊದಲೋ, ಆಮ್ಯಾಲೋ? ತುಸು ಬಿಡಿಸಿ ಹೇಳ್ರಿ.’

ಅವನು ಚೀಟಿಯ ಮೇಲಿದ್ದ 1-0-1 ತೋರಿಸಿದ. ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಊಟವಾದ ಮೇಲೆ. ಇದೇನು ಸಣ್ಣ ಸಂಗತಿಯಲ್ಲ. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ದುಪ್ಪಟ್ಟು ನುಂಗಿದರೆ ರಕ್ತದಲ್ಲಿನ ಸಕ್ಕರೆ ತೀರ ಇಳಿದು, ಎಚ್ಚರ ತಪ್ಪಿ ಬೀಳಬಹುದು.

ಹಿರಿಯರು ಕೇಳಲು ಯಾಕೆ ಹಿಂಜರಿಯುತ್ತಾರೆ? ‘ಇನ್ನೂ ಬಿಡಿಸಿ ಹೇಳಬೇಕೇನು?’ ಎಂದು ಗದರಿಸಿಯಾರು ಎಂಬ ಅಂಜಿಕೆ. ಇಂಗ್ಲಿಷಿನಲ್ಲೂ ‘ಡು ಐ ಹ್ಯಾವ್ ಟು ಸ್ಪೆಲ್ ಇಟ್ ಔಟ್?’ ಎಂದರೆ ಅದೇ ಸಿಡುಕು. ದೊಡ್ಡವರಿಗೆ ಹಾಗೆ ಅನ್ನಬೇಡಿ. ವಿನಯದಿಂದ ಕೇಳುವುದಾದರೆ, ‘ಕುಡ್ ಯು ಸ್ಪೆಲ್ ಇಟ್ ಔಟ್ ಫಾರ್ ಮಿ, ಪ್ಲೀಸ್?’ ಅನ್ನಿ. ‘ಇಟ್’ ನಡುವೆಯೇ ಬರಬೇಕು, ‘ಸ್ಪೆಲ್ ಔಟ್ ಇಟ್’ ಅನ್ನುವುದಿಲ್ಲ. ‘ಸ್ಪೆಲ್ ಔಟ್ ದ ರೂಲ್ಸ್’ ಅನ್ನಬಹುದು, ‘ಸ್ಪೆಲ್ ದ ರೂಲ್ಸ್ ಔಟ್’ ಎಂದರೂ ಸರಿ. ಕಬಡ್ಡಿ ಆಡುವ ಮೊದಲು ನಿಯಮಗಳನ್ನು ಬಿಡಿಸಿ ಹೇಳುತ್ತೀರಲ್ಲ, ಅದೇ.

ಈ ವಾರ ಮನೆಯಲ್ಲಿರುವ ಗುಳಿಗೆ ಚೀಟಿ ತೆಗೆದು ನೋಡಿ. 0-0-1 ಎಂದಿದ್ದರೆ ಏನು? 1-1-1 ಎಂದಿದ್ದರೆ? ಅಜ್ಜ ಅಜ್ಜಿಯರ ಎದುರು ಕುಳಿತು ಬಿಡಿಸಿ ಹೇಳಿ. ಡಾಕ್ಟರ ಅಕ್ಷರ ತಿಳಿಯದಿದ್ದರೆ ಮಾತ್ರ ಊಹಿಸಲು ಹೋಗಬೇಡಿ. ಚೀಟಿ ಹಿಡಿದು ಅವರನ್ನೇ ಕೇಳಿ ಬನ್ನಿ.