ಡಕೋಟಾದ ನೆನಪು, ರನ್‌ವೇಯ ಪಾಠ

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿಯುವುದರೊಂದಿಗೆ ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಡಕೋಟಾ, ಅನಂತರದ ಆವ್ರೊ, ಬೋಯಿಂಗ್ 737 ವಿಮಾನಗಳನ್ನು ಕರಾವಳಿಯ ಹಿರಿಯ ವರ್ತಕರು ಅಭಿಮಾನದಿಂದ ಸ್ಮರಿಸುವುದು ಸಹಜ. ಆದರೆ ಆ ಸ್ಮರಣೆಯಲ್ಲಿ ಒಂದು ಪಾಠವೂ ಅಡಗಿದೆ.

ವಿಮಾನಗಳು ಬದಲಾದರೂ ಗುಡ್ಡದ ನೆತ್ತಿಯ ರನ್‌ವೇ ದಶಕಗಳ ಕಾಲ 1615 ಮೀಟರಿನಷ್ಟೇ ಇತ್ತು. ರನ್‌ವೇ ಗಿಡ್ಡವಾದಷ್ಟೂ ವಿಮಾನ ಹೊತ್ತೊಯ್ಯಬಲ್ಲ ತೂಕ ಕಡಿಮೆಯಾಗುತ್ತದೆ. ಅದರ ನಷ್ಟ ವರ್ತಕನ ಸರಕಿಗೆ ತಟ್ಟುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ಹೊರಟವರು ಮುಂಬಯಿ ಮುಂತಾದ ನಗರಗಳನ್ನು ಸುತ್ತಿ ಹೋಗಬೇಕಿತ್ತು. 2006ರಲ್ಲಿ 2450 ಮೀಟರಿನ ಎರಡನೆಯ ರನ್‌ವೇ ಬಳಕೆಗೆ ಬಂದಿತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಹಾರಿತು. ಅದೇ ರನ್‌ವೇಯನ್ನು ದಾಟಿ ವಿಮಾನ ಕಣಿವೆಗೆ ಉರುಳಿ 158 ಜನ ಮಡಿದ 2010ರ ಮೇ 22ರ ದುರಂತವು, ಗುಡ್ಡದ ಮೇಲಿನ ನಿಲ್ದಾಣದಲ್ಲಿ ತಪ್ಪಿಗೆ ಅವಕಾಶ ಎಷ್ಟು ಅಲ್ಪವೆಂಬುದನ್ನು ತೋರಿಸಿತು.

ಆದುದರಿಂದ ವಾಣಿಜ್ಯ ಸಂಘಗಳು ತಮ್ಮ ಊರಿಗೆ ವಿಮಾನ ಸೇವೆ ಕೋರುವಾಗ ವೇಳಾಪಟ್ಟಿ, ದರಗಳನ್ನಷ್ಟೇ ಕೇಳಿದರೆ ಸಾಲದು. ರನ್‌ವೇಯ ಉದ್ದ, ಅದರ ತುದಿಯ ಸುರಕ್ಷತಾ ಪ್ರದೇಶ, ಸರಕು ಸಂಗ್ರಹದ ಕಟ್ಟಡ ಇವುಗಳಿಗೆ ಬೇಕಾದ ಭೂಮಿಯನ್ನು ಮೊದಲು ಕೇಳಬೇಕು. ವಿಮಾನ ಕಂಪನಿಗಳು ಬಂದು ಹೋಗುತ್ತವೆ. ಊರಿಗೆ ಉಳಿಯುವುದು ನೆಲ.